ಮಾವನವರ ಕೋವಿಯ ಒದೆ

ಬಲ ಹೆಗಲು ಈಗಲೂ ನೋಯುತ್ತದೆ. ಚಳಿ ಬಿದ್ದರೆ ಸಾಕು, ಸೆರಗು ಹಿಂದಕ್ಕೆ ಹಾಕಿಕೊಳ್ಳಲು ಕೈ ಏಳುವುದಿಲ್ಲ. ಡಾಕ್ಟರು ಮೊದಲು ವಯಸ್ಸಿನ ನೋವು ಅಂದರು. ಆಮೇಲೆ ಬಾವಿ ಸೇದಿದ್ದಕ್ಕೆ ಇರಬೇಕು, ರಾಗಿ ಬೀಸಿದ್ದಕ್ಕೆ ಇರಬೇಕು ಅಂದರು. ನಾನು ಎಲ್ಲದಕ್ಕೂ ಹೂಂ ಅಂದೆ. ಇದು ಕೋವಿ ಒದ್ದ ನೋವು ಎಂದಿದ್ದರೆ ಹೆಗಲು ಬಿಟ್ಟು ನನ್ನ ತಲೆ ನೋಡುತ್ತಿದ್ದರು. ಕೂತು ವಿವರಿಸುವಷ್ಟು ತ್ರಾಣವೂ ನನಗಿರಲಿಲ್ಲ. ಬರೆಯುವುದಾದರೆ ಒಂದಷ್ಟು ಬರೆದು, ಸುಸ್ತಾದಾಗ ಮಲಗಿ, ಮತ್ತೆ ಎದ್ದು ಬರೆಯಬಹುದು.

ನಾನು ಹುಟ್ಟಿದ್ದು ಯಳಂದೂರಿನಲ್ಲಿ. ನಾಲೆ ಕೆಳಗಿನ ಗದ್ದೆ, ಮನೆ ತುಂಬ ಭತ್ತ. ಬೆಳೆ ಕಾಯುವುದು ಅಂದರೆ ಗಿಳಿ ಓಡಿಸುವುದು ಅಷ್ಟೇ ನನಗೆ ಗೊತ್ತಿದ್ದದ್ದು. ಐವತ್ತಾರರ ಬೇಸಗೆಯಲ್ಲಿ ನನ್ನನ್ನು ಬಂಡಳ್ಳಿಯಿಂದಾಚೆ, ಕಾಡಂಚಿನ ಒಂದು ಊರಿಗೆ ಮದುವೆ ಮಾಡಿಕೊಟ್ಟರು. ಆಗ ಕೊಳ್ಳೇಗಾಲದ ಸೀಮೆ ಮದರಾಸಿಗೆ ಸೇರಿತ್ತು. ಮಗಳನ್ನು ಮದರಾಸಿಗೆ ಕೊಟ್ಟಿರಂತೆ ಎಂದು ನಮ್ಮ ಬೀದಿಯವರು ಅಪ್ಪನನ್ನು ಆಡಿಕೊಂಡರು. ಆ ವರ್ಷ ಮುಗಿಯುವುದರೊಳಗೆ ಗಡಿಗಳು ಬದಲಾಗಿ ನಾವೆಲ್ಲ ಒಂದೇ ರಾಜ್ಯದವರಾದೆವು. ಇನ್ನು ತವರಿಗೆ ಬರಲು ನಿನಗೇನು ಅಡ್ಡಿ ಎಂದು ಅಪ್ಪ ನಕ್ಕರು. ಅಡ್ಡಿ ಮಾಡಿದ್ದು ಹಂದಿಗಳು. ರಾಗಿ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಹಳ್ಳದಿಂದ ಮೇಲೆ ಬರುತ್ತಿತ್ತು. ಅಲ್ಲಿಂದ ಒಕ್ಕಣೆ ಮುಗಿಯುವವರೆಗೆ ಆ ಮನೆಯವರು ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ.

ಮಾವನವರ ಹತ್ತಿರ ಒಂದು ಕೋವಿ ಇತ್ತು. ನಾವು ಯಳಂದೂರಿನವರು ಕೋವಿ ಅನ್ನುತ್ತೇವೆ, ಅವರ ಮನೆಯಲ್ಲಿ ಎಲ್ಲರೂ ತುಪಾಕಿ ಅನ್ನುತ್ತಿದ್ದರು. ಎರಡು ನಳಿಗೆಯದು, ಚರೆ ಎಂಬ ಸೀಸದ ಕಾಳು ತುಂಬಿದ ತೋಟಾ ಹಾಕಿ ಹೊಡೆಯುವಂಥದ್ದು. ಬೆಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಮಾವನವರ ತಂದೆಗೆ ಕೊಟ್ಟು ಹೋದದ್ದಂತೆ. ಹೆಗಲಿಗೆ ಆನಿಸುವ ಮರದ ತುದಿಗೆ ಒಂದು ಹಿತ್ತಾಳೆ ತಗಡು, ಅದರ ಮೇಲೆ ದೊರೆಯ ತೋಟದ ಗುರುತು. ಆಯುಧಪೂಜೆಯ ದಿನ ಮಾವನವರು ಹುಣಸೆಹಣ್ಣು ಹಾಕಿ ಆ ತಗಡನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದರು. ಲೈಸೆನ್ಸು ಬೆಳೆ ಕಾಯುವುದಕ್ಕೆಂದು ಕೊಟ್ಟದ್ದು, ಅವರೊಬ್ಬರ ಹೆಸರಿನಲ್ಲಿತ್ತು.

ನಮ್ಮದು ಲಿಂಗ ಕಟ್ಟುವ ಮನೆ. ಕೋವಿ ಜಗಲಿಯ ಗೂಟ ದಾಟಿ ಒಳಗೆ ಬರುವಂತಿರಲಿಲ್ಲ. ಹೊಡೆದು ಬಂದ ಮೇಲೆ, ಗುರಿ ತಪ್ಪಿದ್ದರೂ ಸರಿಯೇ, ಮಾವನವರು ಸ್ನಾನ ಮಾಡದೆ ಹೊಸ್ತಿಲು ತುಳಿಯುತ್ತಿರಲಿಲ್ಲ. ಹಂದಿ ಬಿದ್ದರೆ ಕೆಳಗಿನ ಬೀದಿಯವರು ಹೊತ್ತುಕೊಂಡು ಹೋಗುತ್ತಿದ್ದರು, ನಮ್ಮ ಮನೆಯವರು ಆ ಕಡೆ ನೋಡುತ್ತಲೂ ಇರಲಿಲ್ಲ. ಬೇಟೆಯ ಹುಚ್ಚು ಅವರಿಗೆ ಎಳ್ಳಷ್ಟೂ ಇರಲಿಲ್ಲ. ರಾಗಿ ಉಳಿಯಬೇಕು, ಅಷ್ಟೇ. ಸೂರ್ಯ ಮುಳುಗುವಾಗ ಒಂದು ಸಲ, ಬೆಳಕು ಹರಿಯುವ ಮೊದಲು ಒಂದು ಸಲ ಹೊಲದ ಅಟ್ಟಣೆ ಹತ್ತಿ ಕೂರುತ್ತಿದ್ದರು.

ಊರಿನಲ್ಲಿ ಒಂದು ನಂಬಿಕೆ ಇತ್ತು: ಕೋವಿ ಎಷ್ಟು ಜೋರಾಗಿ ಒದೆಯುತ್ತದೋ ಅಷ್ಟು ಒಳ್ಳೆಯ ಕೋವಿ. ಹಿಂದಕ್ಕೆ ಒದೆಯದಿದ್ದರೆ ಮುಂದಕ್ಕೆ ಏನು ಹೋದೀತು ಎನ್ನುವುದು ಅವರ ತರ್ಕ. ಮಾವನವರ ಕೋವಿಯ ಒದೆಗೆ ಸುತ್ತೂರಲ್ಲೆಲ್ಲ ಹೆಸರಿತ್ತು. ಕೌದಳ್ಳಿ ಸಂತೆಗೆ ಹೋದರೆ ಜನ ಅವರ ಹೆಗಲು ನೋಡಿ ಮಾತಾಡಿಸುತ್ತಿದ್ದರು. ಅವರೂ ಎದೆ ಸೆಟೆಸಿ ನಡೆಯುತ್ತಿದ್ದರು. ಆ ಹೆಗಲಿಗೆ ಮನೆಯೊಳಗೆ ಏನಾಗುತ್ತಿತ್ತು ಎನ್ನುವುದು ಮಾತ್ರ ಅತ್ತೆಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅವರು ಹೊಡೆದು ಬಂದ ದಿನ ಅತ್ತೆ ಬಚ್ಚಲಲ್ಲಿ ಬಿಸಿನೀರು ಹುಯ್ಯುತ್ತ ಹೆಗಲು ನೋಡುತ್ತಿದ್ದರು. ಹೊರಗೆ ಬಂದು ನನಗೆ ಬಣ್ಣ ಹೇಳುತ್ತಿದ್ದರು. ಕೆಂಪಗಿದ್ದರೆ ಅರಿಶಿನ ಸುಣ್ಣ ಕಲೆಸಬೇಕು. ನೇರಳೆಗೆ ತಿರುಗಿದ್ದರೆ ಉಪ್ಪು ಹುರಿದು ಗಂಟು ಕಟ್ಟಬೇಕು. ಹಸಿರಾಗಿ ಹಳದಿಗೆ ಬಂದಿದ್ದರೆ ಬರೀ ಹರಳೆಣ್ಣೆ ಸಾಕು. ಸೊಸೆ ಮಾವನನ್ನು ಮುಟ್ಟುವುದಿರಲಿ, ನೇರವಾಗಿ ಮಾತಾಡುವ ಪದ್ಧತಿಯೂ ಇರಲಿಲ್ಲವಾದ್ದರಿಂದ ನನ್ನ ಕೆಲಸ ಒಲೆಯ ಮುಂದೆ ಮುಗಿಯುತ್ತಿತ್ತು. ಆಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಬೆರಳಿಗೆ ಊತ ತಿಳಿಯುತ್ತಿತ್ತು, ಬಣ್ಣ ತಿಳಿಯುತ್ತಿರಲಿಲ್ಲ. ಆಗ ಒಂದು ಏರ್ಪಾಡಾಯಿತು. ಮಾವನವರು ಜಗಲಿಯಲ್ಲಿ ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿ ಕೂರುವುದು, ಅವರು ಹೊದ್ದ ಪಂಚೆಯನ್ನು ಅತ್ತೆ ಸರಿಸುವುದು, ನಾನು ಬಾಗಿಲ ಹಿಂದಿನಿಂದ ಇಣುಕಿ ಬಣ್ಣ ಹೇಳುವುದು. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾವನವರು ಕೂತಿರುತ್ತಿದ್ದರು. ನಾನೂ ಇಲ್ಲದವಳ ಹಾಗೆಯೇ ನೇರಳೆ ಅಂದು ಒಳಗೆ ಹೋಗುತ್ತಿದ್ದೆ.

ನಮ್ಮ ಯಜಮಾನರು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿದ್ದರು. ಅಲ್ಲೇ ಒಂದು ಕೋಣೆ. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುವುದು, ಸೋಮವಾರ ಬೆಳಗ್ಗೆ ಹೋಗುವುದು. ಚೀನಾ ಯುದ್ಧ ಮುಗಿದ ಮೇಲೆ ಅವರು ಹೋಂಗಾರ್ಡಿಗೆ ಸೇರಿದರು. ಖಾಕಿ ಬಟ್ಟೆ, ಪೆರೇಡು, ವರ್ಷಕ್ಕೊಮ್ಮೆ ರೈಫಲ್ಲಿನಲ್ಲಿ ಗುರಿ ಹೊಡೆಯುವುದು. ಮೊದಲ ಸಲ ರೈಫಲ್ ಹೊಡೆದು ಬಂದ ಶನಿವಾರ ಅಂಗಿ ಬಿಚ್ಚಿ ಹೆಗಲು ನನಗೆ ತೋರಿಸಿದರು. ನನಗೆ ಆಶ್ಚರ್ಯವಾಯಿತು. ಕೊರಳ ಎಲುಬಿನ ಕೆಳಗಿನ ಗುಳಿಯಲ್ಲಿ ಒಂದು ನಿಂಬೆಹಣ್ಣಿನಷ್ಟು ಕೆಂಪು, ಅಷ್ಟೇ. ಒತ್ತಿದರೆ ನೋವು ಒಳಗೆ ಇತ್ತು. ಮಾವನವರದು ಹಾಗಲ್ಲ. ಅಂಗೈ ಅಗಲ, ತೋಳಿನ ಮೇಲಕ್ಕೆ ಹರಡಿರುತ್ತಿತ್ತು, ಮುಟ್ಟಿದರೆ ಚರ್ಮವೇ ಉರಿಯುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದರು. ಒಂದೇ ಮನೆಯ ಎರಡು ಹೆಗಲಿಗೆ ಒಂದೇ ಉಪ್ಪಿನ ಗಂಟು ಕಾಯಿಸುತ್ತ ನಾನು ಇದನ್ನೆಲ್ಲ ಯೋಚಿಸುತ್ತಿದ್ದೆ. ಯೋಚಿಸಿದ್ದನ್ನು ಯಾರೂ ಕೇಳಲಿಲ್ಲವಾದ್ದರಿಂದ ಹೇಳಲೂ ಇಲ್ಲ.

ಆ ಶನಿವಾರದಿಂದ ಶುರುವಾಯಿತು ನೋಡಿ ಅಪ್ಪ ಮಗನ ವಾದ. ಯಾವುದು ಜಾಸ್ತಿ ಒದೆಯುತ್ತದೆ, ರೈಫಲ್ಲೋ ತುಪಾಕಿಯೋ. ಊಟಕ್ಕೆ ಕೂತರೆ ಅದೇ ಮಾತು. ಒಂದು ಸಣ್ಣ ಗುಂಡು ಉಗಿಯುವ ರೈಫಲ್ಲಿಗೂ ಹಿಡಿ ಚರೆ ಎಸೆಯುವ ತುಪಾಕಿಗೂ ಯಾವ ಹೋಲಿಕೆ ಎಂದು ಮಾವನವರು. ರೈಫಲ್ಲು ತೂಕದ್ದು, ಒದೆಯಲ್ಲಿ ಅರ್ಧ ಅದೇ ನುಂಗಿಕೊಳ್ಳುತ್ತದೆ, ಉಳಿದದ್ದು ದೂಡುತ್ತದೆ, ಬಡಿಯುವುದಿಲ್ಲ, ಹೆಗಲ ಗುಳಿಗೆ ಒತ್ತಿ ಹಿಡಿಯುವುದನ್ನು ಕಲಿತಿರಬೇಕು ಎಂದು ಇವರು. ಸಡಿಲ ಹಿಡಿದರೆ ಯಾವ ಕೋವಿಯಾದರೂ ಬಡಿಯುತ್ತದೆ ಎಂದು ಇವರು ಒಂದು ದಿನ ಸೇರಿಸಿದ್ದು ಮಾವನವರಿಗೆ ನಾಟಿತು. ನಾನು ಸಡಿಲ ಹಿಡಿಯುವವನೇನೋ ಎಂದು ತಟ್ಟೆ ಸರಿಸಿ ಎದ್ದರು.

ತಮಾಷೆ ಏನೆಂದರೆ ಮಾವನವರು ಜೀವಮಾನದಲ್ಲಿ ರೈಫಲ್ ಮುಟ್ಟಿರಲಿಲ್ಲ. ಇವರೂ ಅಪ್ಪನ ಕೋವಿ ಹಾರಿಸಿರಲಿಲ್ಲ. ಒಂದು ಸಲ ನನ್ನ ಕೈಗೆ ಕೊಡಿ, ಹೊಡೆದು ನೋಡಿ ಹೇಳುತ್ತೇನೆ ಎಂದು ಇವರು ಕೇಳಿದಾಗಲೆಲ್ಲ ಮಾವನವರದು ಒಂದೇ ಉತ್ತರ.

"ಲೈಸನ್ಸು ನನ್ನ ಹೆಸರಲ್ಲಿ ಅದ ಕಣ್ಲಾ. ನಾ ಸತ್ತ ಮ್ಯಾಲೆ ತಕೊ."

ವರ್ಷಗಟ್ಟಲೆ ಆ ವಾದ ನಡೆಯಿತು. ಬಡಿಸುವವಳು ನಾನು. ಇಬ್ಬರಿಗೂ ಮುದ್ದೆ ಬೇಕು, ಸಾರು ಬೇಕು, ತಾನು ಹೇಳಿದ್ದಕ್ಕೆ ಹೂಂಗುಟ್ಟುವವರು ಬೇಕು. ಬೆಳಗಿನಿಂದ ಕಳೆ, ಕೊಟ್ಟಿಗೆ, ನೀರು, ಮಗಳ ಜ್ವರ, ಅತ್ತೆಯ ಕಣ್ಣು. ಇಷ್ಟೆಲ್ಲದರ ಮೇಲೆ ಇದು. ಎರಡನ್ನೂ ಬಾವಿಗೆ ಎಸೆದು ಬರೋಣ ಅನ್ನಿಸುತ್ತಿತ್ತು.

ಪಾಕಿಸ್ತಾನದ ಯುದ್ಧ ಆದ ಮರುವರ್ಷವೋ ಏನೋ, ಕೊಳ್ಳೇಗಾಲದ ಆಚೆ ಗುಡ್ಡದ ಬುಡದಲ್ಲಿ ಗುರಿ ಹೊಡೆಯುವ ದಿನ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಕಾಲವೇ ಹಾಗಿತ್ತು, ಹೆಂಗಸರೂ ಕಲಿಯಬೇಕು ಎನ್ನುವ ಉಮೇದು ಎಲ್ಲೆಡೆ. ಮೊದಲ ಬಸ್ಸಿಗೆ ಹೊರಟು, ಹನೂರಿನಲ್ಲಿ ಬಸ್ಸು ಬದಲಾಯಿಸಿ, ಬಿಸಿಲಲ್ಲಿ ನಿಂತು ನಿಂತು ನನ್ನ ಕಾಲು ಸೋತಿತ್ತು. ಅಧಿಕಾರಿಯೊಬ್ಬರು ಹೆಂಗಸರ ಕಡೆ ತಿರುಗಿ ಯಾರು ಹೊಡೆಯುತ್ತೀರಿ ಎಂದರು. ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ಚಾಪೆಯ ಮೇಲೆ ಮಲಗಿಕೊಂಡು ಹೊಡೆಯುವುದು, ಕಷ್ಟವಿಲ್ಲ ಎಂದು ಅವರು ಹೇಳಿದರು. ಮಲಗುವುದು ಎಂದದ್ದೇ ತಡ, ನಾನು ಹೋದೆ. ದೇಶದ ಮೇಲಿನ ಪ್ರೀತಿ ಎಂದು ಅಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಯಜಮಾನರು ಪಕ್ಕದಲ್ಲಿ ಕೂತು ಮರ ಎಲ್ಲಿ ಆನಿಸಬೇಕೆಂದು ಬೆರಳಿನಿಂದ ತೋರಿಸಿದರು. ಕೊರಳೆಲುಬಿನ ಕೆಳಗಿನ ಗುಳಿ. ಕೆನ್ನೆ ಮರಕ್ಕೆ ಒತ್ತು, ಉಸಿರು ಬಿಡು, ಮೆಲ್ಲಗೆ ಎಳೆ. ನಾನು ಎಳೆದೆ. ಹಲ್ಲಿಗೆ ಹಲ್ಲು ಕಟ್ಟೆಂದಿತು. ಯಾರೋ ಅಂಗೈ ಇಟ್ಟು ಜೋರಾಗಿ ದೂಡಿದ ಹಾಗೆ ಹೆಗಲಿನಿಂದ ಸೊಂಟದವರೆಗೆ ಇಳಿಯಿತು. ಮಲಗಿದ್ದವಳು ಹಿಂದಕ್ಕೆ ಎಲ್ಲಿಗೆ ಹೋಗಲಿ, ಇಡೀ ಮೈ ಅದನ್ನು ತಿನ್ನಬೇಕಾಯಿತು. ಆದರೂ ಇವರು ಹೇಳಿದ್ದು ಸುಳ್ಳಲ್ಲ, ಅದು ಬಡಿಯಲಿಲ್ಲ. ನನ್ನ ಹೆಗಲಲ್ಲೂ ಒಂದು ನಿಂಬೆಹಣ್ಣು ಮೂಡಿ ಎರಡು ಮೂರು ದಿನಕ್ಕೆ ಹೋಯಿತು. ಮನೆಗೆ ಬಂದು ಇವರು ದೊಡ್ಡದಾಗಿ ಹೇಳಿಕೊಂಡರು. ಸೊಸೆ ರೈಫಲ್ ಹೊಡೆದದ್ದು ಕೇಳಿ ಮಾವನವರು ಆ ಹೊತ್ತು ಇನ್ನೊಂದು ಮುದ್ದೆ ಕೇಳದೆ ಕೈ ತೊಳೆದುಕೊಂಡರು.

ಅದಾದ ಮುಂದಿನ ವರ್ಷದ ಸುಗ್ಗಿಗೆ ಮೊದಲು ಅದು ನಡೆಯಿತು. ರಾಗಿ ಪೂರ್ತಿ ತೆನೆ ಕಟ್ಟಿ ಬಾಗಿತ್ತು. ಒಂದು ಬೆಳಗ್ಗೆ ಇನ್ನೂ ಮಂಜು ಇರುವಾಗ ಹೊಲದ ಕಡೆಯಿಂದ ಎಂದಿನ ಸದ್ದಲ್ಲದ ಒಂದು ದೊಡ್ಡ ಸದ್ದು ಬಂತು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು. ಸ್ವಲ್ಪ ಹೊತ್ತಿಗೆ ಮಾವನವರು ಬಂದರು. ಎಡಗೈಯಲ್ಲಿ ಕೋವಿ, ಬಲಗೈ ಪಕ್ಕೆಗೆ ಒತ್ತಿಕೊಂಡಿತ್ತು. ಅಟ್ಟಣೆಯ ಏಣಿಯಿಂದ ಜಾರಿದೆ ಎಂದರು. ಅತ್ತೆ ಪಂಚೆ ಸರಿಸಿ ಬೆರಳಾಡಿಸಿದವರು ಹಾಗೇ ನಿಂತುಬಿಟ್ಟರು. ಯಾವ ಬಣ್ಣ ಎಂದು ನನ್ನನ್ನು ಕೇಳಿದರು. ನಾನು ನೋಡಿದೆ. ಬಣ್ಣ ಇನ್ನೂ ಬಂದಿರಲಿಲ್ಲ. ಚರ್ಮದ ಕೆಳಗೆ ಕೊರಳೆಲುಬು ಮುರಿದು ಒಂದು ಮೊನೆ ಎದ್ದಿತ್ತು. ಆವತ್ತು ಮಾವನವರು ಕಣ್ಣು ಮುಚ್ಚಿರಲಿಲ್ಲ, ನೇರ ನನ್ನನ್ನೇ ನೋಡುತ್ತಿದ್ದರು. ಚಳಿಗೆ ಮರಗಟ್ಟಿದ ಬೆರಳು ಕುದುರೆ ಎನ್ನುವ ಎರಡು ಕೊಕ್ಕೆಯನ್ನೂ ಒಟ್ಟಿಗೆ ಎಳೆದು, ಎರಡು ನಳಿಗೆಯೂ ಒಮ್ಮೆಗೇ ಸಿಡಿದಿದ್ದವು. ಬೆಳಗಿನ ಆ ದೊಡ್ಡ ಸದ್ದು ನೆನೆದು ಅದು ನನಗೆ ಗೊತ್ತಾಯಿತು, ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಏಣಿಯಿಂದ ಜಾರಿದ್ದು ಎಂದೇ ನಾನು ಊರಿಗೆಲ್ಲ ಹೇಳಿದೆ.

ಕೌದಳ್ಳಿ ಕಡೆಯಿಂದ ಎಲುಬು ಕಟ್ಟುವವರು ಬಂದು ಕೈಯನ್ನು ಎದೆಗೆ ಸೇರಿಸಿ ಬಿಗಿದು ಹೋದರು. ಸುಗ್ಗಿ ಮುಗಿಯುವವರೆಗೆ ಬಿಚ್ಚುವಂತಿಲ್ಲ. ಬಸ್ಸಿನ ಕಂಡಕ್ಟರನ ಕೈಲಿ ಯಜಮಾನರಿಗೆ ಹೇಳಿ ಕಳಿಸಿದೆವು. ಶನಿವಾರಕ್ಕೆ ಮೊದಲು ರಜೆ ಇಲ್ಲ ಎಂದು ಅದೇ ಕಂಡಕ್ಟರ್ ಸಂಜೆ ಉತ್ತರ ತಂದ. ಆ ಸಂಜೆ ನಾನು ತಗಡಿನ ಡಬ್ಬ ಬಡಿದುಕೊಂಡು ಹೊಲ ಸುತ್ತಿದೆ. ಹಂದಿಗಳು ತಲೆ ಎತ್ತಿ ನೋಡಿ ಮತ್ತೆ ತಿನ್ನಲು ಶುರುಮಾಡಿದವು. ಡಬ್ಬದ ಸದ್ದು ಅವಕ್ಕೆ ಹಳೆಯದು. ಬೆಳಗ್ಗೆ ನೋಡಿದರೆ ಹಳ್ಳದ ಕಡೆಯ ಪಟ್ಟೆ ಉತ್ತಿದ ಹಾಗೆ ಬಿದ್ದಿತ್ತು. ಆ ವರ್ಷದ ಅನ್ನ ಅದು. ಅಕ್ಕಪಕ್ಕದವರಿಗೆ ಅವರವರ ಹೊಲ, ಅವರವರ ಹಂದಿ.

ಆ ದಿನ ಇಳಿಹೊತ್ತಿಗೆ ನಾನು ಕೆಲಸವನ್ನೆಲ್ಲ ಮುಗಿಸಿ ಜಗಲಿಗೆ ಬಂದು ಗೂಟದಿಂದ ಕೋವಿ ತೆಗೆದೆ. ಮಾವನವರು ಅಲ್ಲೇ ಕಂಬಕ್ಕೆ ಒರಗಿದ್ದರು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ನಾನು ಬೀದಿ ದಾಟುವಾಗ ಹಿಂದೆ ಹೆಜ್ಜೆ ಸದ್ದು ಕೇಳಿತು. ಲೈಸೆನ್ಸಿನ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಟ್ಟಿದ ಕೈ ಹೊತ್ತುಕೊಂಡು ಮಾವನವರು ಬರುತ್ತಿದ್ದರು. ನಾನು ಅಟ್ಟಣೆ ಹತ್ತಿದೆ. ಅವರು ಕೆಳಗೆ ಹೊಂಗೆ ಮರದ ಬುಡದಲ್ಲಿ ನನಗೆ ಬೆನ್ನು ಹಾಕಿ ಕೂತರು. ಕೋವಿಯ ಯಜಮಾನ ಹೊಲದಲ್ಲಿದ್ದ ಹಾಗೂ ಆಯಿತು, ಸೊಸೆಯ ಮುಖ ನೋಡದ ಹಾಗೂ ಆಯಿತು.

ಬೆಳಕು ಇಳಿಯತೊಡಗಿತು. ಮಾವನವರು ಗಂಟಲು ಸರಿಮಾಡಿಕೊಂಡು ಹೊಂಗೆ ಮರಕ್ಕೆ ಹೇಳಿದರು.

"ಮುಂದಿನ ಕುದುರೆ ಒಂದ್ನೇ ಎಳೀಬೇಕು. ಹಿಂದಿನದನ್ನ ಬೆರಳು ಮುಟ್ಟಕೂಡದು."

ಮರ ಸುಮ್ಮನಿತ್ತು. ನಾನು ಆಗಲಿ ಎಂದೆ.

ಕೋವಿ ನನಗೆ ತೀರ ಉದ್ದವಾಗಿತ್ತು. ಉದ್ದನೆಯ ದೊರೆಗೆ ಮಾಡಿದ ಮರ, ಗಿಡ್ಡಿ ನಾನು. ಇವರು ತೋರಿಸಿಕೊಟ್ಟ ಗುಳಿಗೆ ಆನಿಸಲು ಹೋದರೆ ಬೆರಳು ಕುದುರೆಗೆ ಎಟಕದು. ಬೆರಳು ಎಟಕಿಸಲು ಹೋದರೆ ಮರದ ತುದಿ ಜಾರಿ ತೋಳಿನ ಮೇಲೆ ಬಂದು ಕೂರುವುದು. ಆಗ ನನಗೆ ಹೊಳೆಯಿತು. ಮಾವನವರೂ ಎತ್ತರದ ಆಳಲ್ಲ. ಇಷ್ಟು ವರ್ಷ ಅಂಗೈ ಅಗಲದ ಆ ನೇರಳೆ ತೋಳಿನ ಮೇಲೆಯೇ ಯಾಕೆ ಹರಡುತ್ತಿತ್ತು ಎನ್ನುವುದಕ್ಕೆ ಇದೇ ಕಾರಣ. ಅಪ್ಪ ಮಗ ಇಬ್ಬರೂ ಯಾವ ಕೋವಿ ಹೆಚ್ಚು ಒದೆಯುತ್ತದೆಂದು ಜಗಳವಾಡಿದರೇ ಹೊರತು, ಕೋವಿ ಹೆಗಲಿಗೆ ಸರಿಹೊಂದುತ್ತದೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ.

ಹಂದಿಗಳು ಬಂದವು. ಮುಂದೆ ಒಂದು ದೊಡ್ಡದು, ಹಿಂದೆ ಮರಿಗಳು. ನಾನು ಮುಂದಿನ ಕುದುರೆ ಎಳೆದೆ. ಹೊಗೆ ಸರಿದಾಗ ಹಿಂಡು ಹಳ್ಳಕ್ಕೆ ಇಳಿದು ಹೋಗಿತ್ತು. ಏನಾದರೂ ಬಿತ್ತೋ ಇಲ್ಲವೋ ನಾನು ನೋಡಲಿಲ್ಲ. ಒದೆ ಗೊತ್ತಾಗಲೇ ಇಲ್ಲ. ಏಣಿ ಇಳಿದೆ, ಮನೆಗೆ ಬಂದೆ, ಸ್ನಾನ ಮಾಡಿದೆ, ಮುದ್ದೆಗೆ ಎಸರಿಟ್ಟೆ. ಕೋಲು ಹಾಕಿ ಹಿಟ್ಟು ತಿರುವಲು ಹೋದಾಗ ತೋಳು ಮೇಲೇಳಲಿಲ್ಲ. ಕಣ್ಣಲ್ಲಿ ನೀರು ದಳದಳ ಇಳಿಯಿತು. ಎಡಗೈಯಲ್ಲಿ ತಿರುವಿದೆ, ಮುದ್ದೆ ಗಂಟು ಗಂಟಾಯಿತು.

ಅತ್ತೆ ಒಲೆಯ ಪಕ್ಕ ಬಂದು ಕೂತರು.

"ಯಾವ ಬಣ್ಣ ಅಮ್ಮಿ?"

ಇಷ್ಟು ವರ್ಷ ಬೇರೆಯವರ ಹೆಗಲು ನೋಡಿ ಹೇಳಿದ ಬಾಯಿ ಆವತ್ತು ಕಟ್ಟಿತು. ಏನೂ ಇಲ್ಲ ಅತ್ತೆ ಎಂದೆ. ಅವರು ನಂಬಲಿಲ್ಲ. ಕುಪ್ಪಸದ ತೋಳು ಸರಿಸಿ ಬೆರಳಾಡಿಸಿದರು. ಬಹಳ ಹೊತ್ತು ಆ ಕೈ ಅಲ್ಲೇ ಇತ್ತು. ಆಮೇಲೆ ಜಗಲಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಅವರ್ಗಾಯ್ತಿದ್ದ ಜಾಗ್ದಲ್ಲೇ ಆಗದ. ತೋಳ ಮ್ಯಾಲೆ ಕುಂತದ. ಮರ ಉದ್ದವಾಯ್ತದ ಈ ಕೂಸ್ಗೆ."

ಅತ್ತೆ ತಾವೇ ತಡವರಿಸಿಕೊಂಡು ಉಪ್ಪು ಹುರಿದು ನನಗೆ ಶಾಖ ಕೊಟ್ಟರು. ಆ ಮನೆಗೆ ಬಂದ ಮೇಲೆ ನನ್ನ ಮೈಗೆ ಇನ್ನೊಬ್ಬರು ಶಾಖ ಕೊಟ್ಟದ್ದು ಬಾಣಂತನ ಬಿಟ್ಟರೆ ಅದೇ ಮೊದಲು.

ಬೆಳಗ್ಗೆ ಅತ್ತೆ ಒಂದು ದಾರ ಹಿಡಿದು ಬಂದರು. ಕೈ ಮಡಿಸು ಎಂದರು. ಮೊಣಕೈಯ ಮಡಿಕೆಯಿಂದ ತೋರುಬೆರಳಿನವರೆಗೆ ದಾರ ಹಿಡಿದು, ಅಲ್ಲಿಗೆ ಒಂದು ಗಂಟು ಹಾಕಿ, ಹೊರಗೆ ಒಯ್ದು ಕೊಟ್ಟರು. ಯಾಕೆಂದು ನಾನು ಕೇಳಲಿಲ್ಲ, ಹಾಲು ಕಾಯಿಸುವುದಿತ್ತು. ಬಿಸಿಲೇರುವ ಹೊತ್ತಿಗೆ ಜಗಲಿಯಲ್ಲಿ ಗರಗಸದ ಸದ್ದು. ಬಾಗಿಲ ಸಂದಿಯಿಂದ ನೋಡಿದರೆ ಆಚಾರಿ ಬಂದಿದ್ದ. ಮಾವನವರು ಕೋವಿಯನ್ನು ಎರಡು ಮೊಣಕಾಲಿನ ನಡುವೆ ಇರುಕಿ, ಒಂದೇ ಕೈಯಲ್ಲಿ ಅದುಮಿ ಹಿಡಿದಿದ್ದರು. ಆಚಾರಿ ಕೊಯ್ಯುತ್ತಿದ್ದ. ಹಿತ್ತಾಳೆ ತಗಡಿನ ಸಮೇತ ಮರದ ತುಂಡು ಕೆಳಗೆ ಬಿತ್ತು. ದೊರೆಯ ತೋಟದ ಗುರುತು ಮೇಲೆ ಮಾಡಿಕೊಂಡು ಬಿತ್ತು. ಮಾವನವರು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ತಾವು ಹೊದೆಯುವ ಕಂಬಳಿಯ ಮೂಲೆ ಕತ್ತರಿಸಿ, ಮಡಿಸಿ, ಕೊಯ್ದ ಜಾಗಕ್ಕೆ ಮೊಳೆ ಹೊಡೆಸಿದರು. ಆಮೇಲೆ ಕೋವಿಯನ್ನು ಗೂಟಕ್ಕೆ ಹಾಕಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಸಂಜೆ ಅಟ್ಟಣೆಯ ಮೇಲೆ ಕೂತು ನಾನು ಕೋವಿ ಎತ್ತಿ ಹೆಗಲಿಗೆ ಆನಿಸಿದೆ. ಗುಳಿಗೆ ಬಂದು ಕೂತಿತು. ಬೆರಳು ಕುದುರೆಗೆ ಎಟಕಿತು. ಕೆನ್ನೆಗೆ ಮರ ಸರಿಯಾಗಿ ಬಂತು. ಕಂಬಳಿಯಲ್ಲಿ ಮಾವನವರ ಬೆವರಿನ, ವಿಭೂತಿಯ ವಾಸನೆ ಇತ್ತು. ಒದೆ ತನಗೊಂದು ಲೆಕ್ಕವೇ ಅಲ್ಲ ಎಂದು ಎದೆ ಸೆಟೆಸಿಕೊಂಡು ಬಂದವರು, ಎಲುಬು ಮುರಿದರೂ ಒಂದು ಬಟ್ಟೆ ಮಡಿಸಿ ಇಟ್ಟುಕೊಳ್ಳದವರು, ನನಗೋಸ್ಕರ ಕಂಬಳಿ ಕತ್ತರಿಸಿದ್ದರು. ನನ್ನ ಅಳತೆಗೆ ಕೊಯ್ದ ಕೋವಿ ಇನ್ನು ಅವರ ಹೆಗಲಿಗೆ ಆಗುವಂತಿರಲಿಲ್ಲ. ಕೈ ಬಿಚ್ಚಿದ ಮೇಲೂ ಆಗುವಂತಿರಲಿಲ್ಲ. ಕೆಳಗೆ ಮರದ ಬುಡದಲ್ಲಿ ಬೆನ್ನು ಹಾಕಿ ಕೂತ ಅವರನ್ನು ನೋಡಿ ನನಗೆ ಅಳು ಬಂತು. ಅವರ ಮೇಲಿನ ಕನಿಕರಕ್ಕೆ ಅತ್ತದ್ದು ಸರಿ. ನನಗೇ ಅತ್ತದ್ದೂ ಇತ್ತು. ಇವತ್ತು ಬಂದಿದ್ದೀನಿ, ಶನಿವಾರ ಗಂಡ ಬರುತ್ತಾರೆ, ಆಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇನ್ನು ಪ್ರತಿ ವರ್ಷ, ಸಂಜೆಗೊಂದು ಬೆಳಗ್ಗೆಗೊಂದು ಸಲ ಈ ಏಣಿ ಹತ್ತುವವಳು ನಾನೇ ಎಂದು ಆಗ ಅರ್ಥವಾಯಿತು. ನಿನ್ನ ಕೈಲಾಗುತ್ತದಾ ಎಂದು ಒಬ್ಬರೂ ಕೇಳಲಿಲ್ಲ.

ಶನಿವಾರ ಯಜಮಾನರು ಬಂದು ಕೋವಿ ನೋಡಿ ಬೆಪ್ಪಾದರು. ಅಪ್ಪ ಮೊದಲ ಸಲ ತಾವಾ‌ಗಿಯೇ ಹೊಡಿ ಎಂದು ಕೊಟ್ಟರು. ಇವರು ಉದ್ದ ತೋಳಿನವರು. ಹೊಲಕ್ಕೆ ಹೋಗಿ ಒಂದು ತೋಟಾ ಹಾರಿಸಿದರು. ಮರ ಗಿಡ್ಡವಾದ್ದರಿಂದ ಅವರದೇ ಹೆಬ್ಬೆರಳು ಬಂದು ಅವರದೇ ಮೂಗಿಗೆ ಬಡಿಯಿತು. ಮೂಗು ಹಿಡಿದುಕೊಂಡು ಮನೆಗೆ ಬಂದು ಜಗಲಿಯ ಮೂಲೆಯಲ್ಲಿ ಬಿದ್ದಿದ್ದ ಹಿತ್ತಾಳೆ ತಗಡಿನ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು. ನಾ ಸತ್ತ ಮೇಲೆ ತಗೋ ಎಂದು ಅಪ್ಪ ಹೇಳುತ್ತ ಬಂದಿದ್ದ ವಸ್ತು ಅದು. ಯಾವುದು ಜಾಸ್ತಿ ಒದೆಯುತ್ತದೆ ಎನ್ನುವ ವಾದ ಆವತ್ತಿಗೆ ನಿಂತಿತು. ಎರಡನ್ನೂ ಹೊಡೆದವಳು ಮನೆಯಲ್ಲಿ ನಾನೊಬ್ಬಳೇ ಆಗಿದ್ದೆ. ನಾನು ಒಳಗೆ ಮುದ್ದೆ ಕಟ್ಟುತ್ತಿದ್ದೆ.

ಆಮೇಲಿನ ಸುಗ್ಗಿಗಳನ್ನು ಬಿಡಿಸಿ ಹೇಳುವುದಕ್ಕೆ ಏನೂ ಇಲ್ಲ. ಒಂದರ ಹಿಂದೆ ಒಂದು ಬಂದವು. ತಂಗಿಯ ಮದುವೆಗೆ ಯಳಂದೂರಿಗೆ ಹೋಗಿ ಧಾರೆ ಮುಗಿದ ಕೂಡಲೇ ವಾಪಸು ಬಂದೆ, ಸಂಜೆ ಹಂದಿ ಬರುತ್ತಿತ್ತಲ್ಲ. ಸರಿಹೊಂದಿದ ಕೋವಿ ಹಿಂದಿನ ಹಾಗೆ ಬಡಿಯುತ್ತಿರಲಿಲ್ಲ ಎನ್ನುವುದು ನಿಜ. ಆದರೆ ಒದೆ ಕಡಿಮೆಯಾಗುತ್ತದೆಯೇ ವಿನಾ ಇಲ್ಲವಾಗುವುದಿಲ್ಲ. ಒಂದು ವರ್ಷದ ನೋವು ಹೋಗುವುದರೊಳಗೆ ಇನ್ನೊಂದು ವರ್ಷದ ರಾಗಿ ತೆನೆ ಕಟ್ಟುತ್ತಿತ್ತು. ಮಾವನವರು ಒಂದು ದಿನವೂ ತಪ್ಪಿಸದೆ ಬಂದು ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಗಾಳಿ ಯಾವ ಕಡೆ ಇದೆ, ಹಂದಿ ಯಾವ ಬದುವಿನಲ್ಲಿದೆ, ಎಲ್ಲ ಮರಕ್ಕೇ ಹೇಳುತ್ತಿದ್ದರು. ಹನೂರಿಗೆ ಹೋದಾಗ ನನಗೆಂದು ಒಂದು ಪೊಟ್ಟಣ ಕಡ್ಲೆಮಿಠಾಯಿ ತಂದು ಏಣಿಯ ಕೊನೆಯ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ಮಾವನವರು ತೀರಿಕೊಂಡರು. ಅಷ್ಟು ಹೊತ್ತಿಗೆ ಕಾಡಿನ ಕಾನೂನು ಬಿಗಿಯಾಗಿತ್ತು, ತಮ್ಮ ಹೆಸರಿಗೆ ಲೈಸೆನ್ಸು ಮಾಡಿಸುವ ಆಸೆಯೂ ಯಜಮಾನರಿಗೆ ಉಳಿದಿರಲಿಲ್ಲ. ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಇಬ್ಬರೂ ಠಾಣೆಗೆ ಹೋದೆವು. ಪೊಲೀಸಿನವನೊಬ್ಬ ಬಿಚ್ಚಿ, ಹೆಗಲಿಗೆ ಆನಿಸಿ ನೋಡಿ ನಕ್ಕ. ಇದೇನು, ಮಕ್ಕಳಿಗೆ ಮಾಡಿಸಿದ್ದಾ, ಯಾರದು ಎಂದು ಕೇಳಿದ. ನಮ್ಮಪ್ಪಂದು ಸಾ, ಎಂದರು ಇವರು. ಕಾಗದದ ಪ್ರಕಾರ ಅದು ಸರಿಯೇ. ನಾನು ಬೆಂಚಿನ ಮೇಲೆ ಕೂತು ಕಂಬಳಿಯ ತುಂಡು ನೋಡುತ್ತಿದ್ದೆ. ಬಲಗಡೆ ಸವೆದು ನೂಲು ಕಾಣುತ್ತಿತ್ತು.

ಬಸ್ಸಿನ ನಿಲ್ದಾಣಕ್ಕೆ ನಡೆಯುವಾಗ ಇವರು ಎರಡು ಹೆಜ್ಜೆ ಮುಂದಿದ್ದರು. ಅಂಗಡಿ ಸಾಲು ದಾಟಿದ ಮೇಲೆ ಒಮ್ಮೆಲೇ ನಿಂತು, ನನ್ನ ಮುಖ ನೋಡದೆ ಕೇಳಿದರು.

"ಯಾವ್ದು ಜಾಸ್ತಿ ಒದೀತಿತ್ತು?"

ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಕೋಪ ಬರಬೇಕಿತ್ತು. ಕೋಪಕ್ಕೂ ಶಕ್ತಿ ಬೇಕು, ಅದು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ರೈಫಲ್ಲಿಂದು ಒಡೆದಾಗ್ಲೇ ಗೊತ್ತಾಯ್ತು, ಎರಡ್ ದಿನಕ್ಕೆ ಓಯ್ತು. ಕೋವೀದು ಒಡೆದಾಗ ಒಂದಿನಾನೂ ಗೊತ್ತಾಗ್ಲಿಲ್ಲ. ಮನೇಗ್ ಬಂದು ಮುದ್ದೆ ತಿರುವ್ವಾಗ ಗೊತ್ತಾಗದು. ಅದಿನ್ನೂ ಓಗಿಲ್ಲ."

ಬಸ್ಸು ಬರುವುದು ಕಾಣುತ್ತಿತ್ತು. ನನ್ನ ಬಲ ಹೆಗಲಲ್ಲಿ ಸಾಮಾನಿನ ಚೀಲ ಇತ್ತು. ಇವರು ಅದನ್ನು ಮೆಲ್ಲಗೆ ಜಾರಿಸಿ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.